ತುಟಿಗೆ ಕೂತ ಮಾತು

ಚಳ್ಳಕೆರೆಯಲ್ಲಿ ದಾಕ್ಷಾಯಿಣಿಯ ಮಾತು ಕೇಳದವರಿಲ್ಲ. ಬೆಳಿಗ್ಗೆ ಕಸದ ಆಟೊ ಓಣಿಗೆ ಬಂತೆಂದರೆ ಅದರ ನೆತ್ತಿಯ ಮೇಲಿನ ಸ್ಪೀಕರಿನಿಂದ, ‘ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ’ ಎಂದು ವಿನಯವಾಗಿ ಕೇಳುವ ದನಿ ಅವಳದೇ. ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ನೊರೆ ತುಂಬಿಕೊಂಡೇ ಬಕೆಟ್ ಹಿಡಿದು ಓಡಿಬರುತ್ತಾರೆ. ಮನೆಯಲ್ಲಿ ಮಾತ್ರ ಗಂಡ ಚಂದ್ರಶೇಖರ್‌ನನ್ನು ಅದೇ ದನಿಯಲ್ಲಿ ಎಷ್ಟು ಸಲ ಊಟಕ್ಕೆ ಕರೆದರೂ ಕೇಳಿಸುವುದಿಲ್ಲ. ಎಣ್ಣೆ ಮಿಲ್ಲುಗಳಿಗೆ ಬೆಲ್ಟು, ಬೇರಿಂಗು ಮಾರುವ ಅಂಗಡಿ ಅವನದು. ಮಿಲ್ಲುಗಳ ಗದ್ದಲಕ್ಕೆ ಕಿವಿ ಮಂದವಾಗಿದೆ ಎಂದು ಹೇಳಿಕೊಳ್ಳುತ್ತಾನೆ. ಫೋನು ಬಂದರೆ ಹಿತ್ತಿಲಲ್ಲಿದ್ದರೂ ಕೇಳಿಸುತ್ತದೆ.

ಈ ದನಿಯನ್ನು ಊರಿಗೆ ಹಂಚಿದವನು ರಾಂಪುರದ ಮಲ್ಲಿಕ್. ಬಸ್‌ಸ್ಟ್ಯಾಂಡಿನ ಹಿಂದೆ, ಖಾಜಾ ಹುಸೇನರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅವನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಗೋಡೆಗಳಿಗೆಲ್ಲ ಚಳ್ಳಕೆರೆಯ ಕರಿ ಕಂಬಳಿ ಹೊಡೆದು, ಕಿಟಕಿಗೆ ಹಾಸಿಗೆ ಒತ್ತಿ ಮುಚ್ಚಿದ ಜಾಗ. ಒಳಗೆ ಹೋದವರು ಮೊದಲು ಬೆವರುತ್ತಾರೆ, ಆಮೇಲೆ ಮಾತಾಡುತ್ತಾರೆ. ಚುನಾವಣೆ ಬಂದರೆ ಎಲ್ಲ ಪಕ್ಷಗಳ ಪ್ರಚಾರಗಳೂ ಅದೇ ಕಂಬಳಿಗಳ ನಡುವೆ ಹುಟ್ಟಿ, ಬೀದಿಗೆ ಬಂದ ಮೇಲೆ ಒಂದನ್ನೊಂದು ಬೈಯುತ್ತವೆ. ಅಂಗಡಿಗೊಂದು ಜಾಹೀರಾತು ಮಾಡಿಸಲು ಗಂಡ ಹೆಂಡತಿ ಅಲ್ಲಿಗೆ ಹೋಗಿದ್ದಾಗ, ಮಾತಾಡಬೇಕಾಗಿದ್ದ ಹುಡುಗಿ ಕೈಕೊಟ್ಟದ್ದರಿಂದ ದಾಕ್ಷಾಯಿಣಿಯೇ ಮೈಕಿನ ಮುಂದೆ ನಿಂತಳು. ಕೇಳಿಸಿಕೊಂಡ ಮಲ್ಲಿಕ್, “ಅಕ್ಕಾರೆ, ಈ ದನಿ ಕೇಳಿದರೆ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಾದಿಲ್ಲ” ಎಂದ. ನಲವತ್ತು ದಾಟಿದ ಹೆಂಗಸಿಗೆ ಯಾರಾದರೂ ಹೀಗೆ ಒಂದು ಮಾತು ಹೇಳಿ ಎಷ್ಟೋ ಕಾಲವಾಗಿತ್ತು. ಕಸದ ಆಟೊದ ಕೆಲಸವನ್ನು ಅವಳು ಖುಷಿಯಿಂದಲೇ ಒಪ್ಪಿಕೊಂಡಳು.

ಖುಷಿ ಅವಳ ತವರಾದ ಬಿ.ಜಿ. ಕೆರೆಯವರೆಗೆ ಹೋಗಲಿಲ್ಲ. ಅಲ್ಲಿ ಅವ್ವ ತಿಪ್ಪೇರುದ್ರಮ್ಮ, ತಮ್ಮ ಜಂಪಣ್ಣ, ಅವನ ಹೆಂಡತಿ ರೂಪ ಇದ್ದಾರೆ. ತಿಪ್ಪೇರುದ್ರಮ್ಮ ಒಂದು ಮದುವೆಗೆಂದು ಚಳ್ಳಕೆರೆಗೆ ಬಂದು ನೆಂಟರ ಮನೆಯಲ್ಲಿ ಉಳಿದಿದ್ದರು. ಬೆಳಗಾಗೆದ್ದು ಮುಖ ತೊಳೆಯುತ್ತಿರುವಾಗ, ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬೀದಿಯಲ್ಲಿ ಕಸ ಬೇಡುತ್ತಿರುವುದು ಕಿವಿಗೆ ಬಿತ್ತು. ಅವತ್ತು ಏನೂ ಆಡಲಿಲ್ಲ. ಮುಂದಿನ ಸಲ ಮಗಳು ತವರಿಗೆ ಬಂದಾಗ ಹೊಟ್ಟೆ ತುಂಬ ಬಡಿಸಿ, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಶುರುಮಾಡಿದರು.

“ನಿಮ್ಮಪ್ಪ ಕಟ್ಟೆ ಮ್ಯಾಲೆ ಕೂತು ಮಾತಾಡಿದ್ರೆ ಸುತ್ತಲ ಹಳ್ಳಿಯೋರು ಕೈಕಟ್ಟಿ ನಿಂತ್ಕಂಡು ಕೇಳೋರು. ನೀನು ಮಾತಾಡಿದ್ರೆ ಕಸ ಬರ್ತೈತೆ.”

“ಅಪ್ಪ ಮಾತಾಡಿದ್ರೆ ಏನು ಬರ್ತಿತ್ತು? ಜಗಳ ಬರ್ತಿತ್ತು. ಕಸಾನೇ ವಾಸಿ” ಎಂದಳು ದಾಕ್ಷಾಯಿಣಿ.

ಸತ್ತ ಗಂಡನ ಮೇಲೆ ಬಂದ ಮಾತನ್ನು ತಿಪ್ಪೇರುದ್ರಮ್ಮ ಸಹಿಸಲಿಲ್ಲ. ಮಾತಿಗೆ ಮಾತು ಬೆಳೆಯಿತು. ದಾಕ್ಷಾಯಿಣಿ ಬ್ಯಾಗು ಎತ್ತಿಕೊಂಡು ಹೊಸಿಲು ದಾಟಿ, ಹಿಂದಿರುಗಿ ನೋಡಿ, “ಹೋಗ್ತೀನಿ” ಎಂದಳು.

ನಮ್ಮ ಕಡೆ ಯಾರೂ ಹೋಗ್ತೀನಿ ಎನ್ನುವುದಿಲ್ಲ. ಕೋರ್ಟಿಗೆ ಹೋಗುವವರು, ಆಪರೇಷನ್ನಿಗೆ ಹೋಗುವವರು, ಇನ್ನು ಸತ್ತರೂ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಒಳಗೇ ಶಪಥ ಮಾಡಿದವರು, ಎಲ್ಲರೂ ಬರ್ತೀನಿ ಎಂದೇ ಹೇಳಿ ಹೋಗುತ್ತಾರೆ. ಹೆಣ್ಣು ನೋಡಲು ಬಂದು ಒಪ್ಪದೆ ಏಳುವ ಗಂಡಿನ ಕಡೆಯವರೂ ಬರ್ತೀವಿ ಎಂದೇ ಏಳುತ್ತಾರೆ. ಬರುವುದಿಲ್ಲವೆಂದು ಎರಡೂ ಕಡೆಗೆ ಗೊತ್ತಿರುತ್ತದೆ, ಆದರೂ ಆ ಮಾತು ಆಡಲೇಬೇಕು. ಹೆತ್ತವಳ ಮುಂದೆ ಹೊಸಿಲಾಚೆ ನಿಂತು ಹೋಗ್ತೀನಿ ಎಂದವಳು ಇಡೀ ವಂಶದಲ್ಲಿ ದಾಕ್ಷಾಯಿಣಿಯೊಬ್ಬಳೇ. ತಿಪ್ಪೇರುದ್ರಮ್ಮ ಕ್ಷಣ ನೋಡಿ, “ಹೋಗು” ಎಂದರು.

ಅದಾಗಿ ಮೂರು ವರ್ಷ. ಮದುವೆ ಮುಂಜಿಗಳಲ್ಲಿ ಸಿಕ್ಕರೂ ಅವ್ವ ಮಗಳ ಜತೆ ನೇರ ಮಾತಾಡುವುದಿಲ್ಲ. “ರೂಪಾ, ಅವರಿಗೆ ಪಾಯಸ ಹಾಕಿಸ್ಕಳಾಕೆ ಹೇಳು” ಎನ್ನುತ್ತಾರೆ. ಮಗಳು ಪಕ್ಕದ ಎಲೆಯಲ್ಲೇ ಕೂತಿರುತ್ತಾಳೆ. ಬಾಯಿಂದ ಬಿದ್ದ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ದಾಕ್ಷಾಯಿಣಿಗೆ ಆಸೆಯಿತ್ತು, ಅವ್ವನ ನೆನಪಾಗಿ ಅಡುಗೆಮನೆಯಲ್ಲಿ ಅತ್ತದ್ದೂ ಇತ್ತು. ಆದರೆ ಬರ್ತೀನಿ ಎನ್ನಬೇಕಾದರೆ ಮೊದಲು ಹೋಗಬೇಕು. ಹೋಗಬೇಕಾದರೆ ಅವರು ಕರೆಯಬೇಕು. ಕರೆಯಬೇಕಾದವರು ಹೋಗು ಎಂದು ಕೂತಿದ್ದರು. ಇಬ್ಬರದ್ದೂ ಒಂದೇ ರಕ್ತ, ಹಾಗಾಗಿ ದಾರಿ ಇರಲಿಲ್ಲ.

ಹೀಗಿರುವಾಗ ಮಲ್ಲಿಕ್‌ನ ಕಂಬಳಿ ಕೋಣೆಗೆ ಅಮೆರಿಕದ ಸಿನಿಮಾ ಬಂತು.

ಆ ಸಿನಿಮಾದ ಜಾತಕ ಹೀಗಿದೆ. ಕಥೆ ಹುಟ್ಟಿದ್ದು ಕೊರಿಯಾದಲ್ಲಿ. ಅಮೆರಿಕದವರು ಅದನ್ನು ಕೊಂಡು ತಮ್ಮ ನಟರನ್ನು ಹಾಕಿ ಇನ್ನೊಮ್ಮೆ ತೆಗೆದರು. ತೆಗೆದದ್ದು ಅಮೆರಿಕದಲ್ಲಲ್ಲ, ಖರ್ಚು ಕಡಿಮೆಯೆಂದು ಯುರೋಪಿನ ಯಾವುದೋ ಬಂದರಿನ ಊರಲ್ಲಿ. ಅದನ್ನು ಟಿವಿಗೂ ಮೊಬೈಲಿಗೂ ಕೊಡುವ ಕಂಪನಿ, ಇಂಡಿಯಾದ ಭಾಷೆಗಳಿಗೆಲ್ಲ ಮಾಡಿಸಿ ಎಂದು ಮುಂಬೈಯವರಿಗೆ ವಹಿಸಿತು. ಮುಂಬೈಯಲ್ಲಿ ಇಂಗ್ಲಿಷು ಹಿಂದಿಯಾಯಿತು, ಹೈದರಾಬಾದಿನಲ್ಲಿ ಹಿಂದಿ ತೆಲುಗಾಯಿತು. ಕನ್ನಡ ಮಾಡಬೇಕಾಗಿದ್ದ ಬೆಂಗಳೂರಿನವರಿಗೆ ಪುರುಸೊತ್ತಿರಲಿಲ್ಲ, ಅವರು ತೆಲುಗಿನ ಮಾತುಗಳನ್ನು ಮಲ್ಲಿಕ್‌ಗೆ ದಾಟಿಸಿದರು. ಆಂಧ್ರದ ಗಡಿಯ ರಾಂಪುರದವನಿಗೆ ತೆಲುಗನ್ನು ಯಾರೂ ಕಲಿಸಬೇಕಿಲ್ಲ. ಅಲ್ಲಿ ಮನೆಗೆ ಕನ್ನಡ, ಅಂಗಡಿಗೆ ತೆಲುಗು, ಜಗಳಕ್ಕೆ ಎರಡೂ. ಕೊರಿಯಾದ ತಾಯಿ ಬಡಿಸಿದ ಅನ್ನ ಅಮೆರಿಕದಲ್ಲಿ ಬ್ರೆಡ್ಡಾಗಿ, ಹಿಂದಿಯಲ್ಲಿ ರೋಟಿಯಾಗಿ, ತೆಲುಗಿನಲ್ಲಿ ಮತ್ತೆ ಅನ್ನವಾಗಿ, ಮಲ್ಲಿಕ್‌ನ ಕೈಯಲ್ಲಿ ಮುದ್ದೆಯಾಯಿತು. ಪರದೆಯ ಮೇಲೆ ಅದು ಕೊನೆಯವರೆಗೂ ಬ್ರೆಡ್ಡಾಗಿಯೇ ಇತ್ತು.

ಕಥೆ ಒಬ್ಬ ತಾಯಿಯದು, ಮಗಳದು. ಬಂದರಿನಲ್ಲಿ ತಾಯಿಯದೊಂದು ಸಣ್ಣ ಹೋಟೆಲು. ಮಗಳು ಜಗಳ ಮಾಡಿಕೊಂಡು ಮನೆ ಬಿಟ್ಟು ಹಡಗು ಹತ್ತುತ್ತಾಳೆ, ತಿರುಗಿ ಬರುವುದಿಲ್ಲ. ಮಗಳ ದನಿ ದಾಕ್ಷಾಯಿಣಿಯದು. ಕಥೆ ಕೇಳಿದ ಕೂಡಲೇ ಅವಳು ಬೇಡವೆನ್ನಲು ಬಾಯಿ ತೆರೆದಳು. ಆದರೆ ಹಳದಿ ಕೂದಲಿನ ಆ ಹುಡುಗಿ ಆಗಲೇ ಪರದೆಯ ಮೇಲೆ ಬಂದು, ಬಾಯಿ ಆಡಿಸುತ್ತ, ದನಿಗಾಗಿ ಕಾಯುತ್ತಿದ್ದಳು.

ಡಬ್ಬಿಂಗಿನಲ್ಲಿ ಅರ್ಥಕ್ಕಿಂತ ತುಟಿ ದೊಡ್ಡದು. ಪರದೆಯ ಮೇಲಿನವರ ತುಟಿ ಮುಚ್ಚಿದಾಗ ಇವರ ಮಾತಿನಲ್ಲೂ ಪ, ಬ, ಮ ಬರಬೇಕು, ಬಾಯಿ ತೆರೆದಾಗ ತೆರೆದ ಅಕ್ಷರ. ಹಾಗೆ ಬಂದರೆ ಮಲ್ಲಿಕ್ “ಕೂತಿತು” ಎನ್ನುತ್ತಿದ್ದ, ಬಾರದಿದ್ದರೆ “ಕೂರಲಿಲ್ಲ, ಇನ್ನೊಂದು ಸಲ.” ಕೆಳಗೆ ಖಾಜಾ ಹುಸೇನರು ತಗಡು ಬಡಿಯಲು ಶುರುಮಾಡಿದರೆ ಮಲ್ಲಿಕ್ ನೆಲಕ್ಕೆ ಕಾಲು ಒದೆಯುವನು. ಅವರು ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುವರು. ಬೀಡಿ ಮುಗಿದ ಮೇಲೆ ಮೆಟ್ಟಿಲ ಬುಡದಿಂದ, “ಅಮೇರಿಕಾದವರ್ದು ಖತಂ ಆತೇನ್ರಿ ಮಲ್ಲಿಕ್ ಭಾಯ್? ಇಲ್ಲಿ ಒಂದು ಜೀಪು ಕಾಯ್ತಾ ಐತೆ” ಎಂದು ಕೇಳುವರು. ಹಾಲಿವುಡ್ಡಿನ ಹಡಗು, ಬಿರುಗಾಳಿ, ಒಂದು ಶವಸಂಸ್ಕಾರ, ಇವೆಲ್ಲ ಚಳ್ಳಕೆರೆಯ ಖಾಜಾ ಹುಸೇನರ ಬೀಡಿಯ ಬಿಡುವಿನಲ್ಲಿ ಕನ್ನಡವಾದವು.

ಎಲ್ಲ ಕೂತಿತು, ಒಂದು ಮಾತು ಕೂರಲಿಲ್ಲ. ಮಗಳು ಮನೆ ಬಿಡುವ ಘಳಿಗೆ. ತಾಯಿ ಬೆನ್ನು ತಿರುಗಿಸಿ ಮೇಜು ಒರೆಸುತ್ತಿದ್ದಾಳೆ. ಬಾಗಿಲಲ್ಲಿ ನಿಂತ ಮಗಳು ‘ಬೈ ಮಾಮ್’ ಎನ್ನುತ್ತಾಳೆ. ಮಲ್ಲಿಕ್ ಬರೆದದ್ದು, ‘ಹೋಗ್ತೀನಮ್ಮ.’

ದಾಕ್ಷಾಯಿಣಿ ಹೇಳಿದಳು. ಕೂರಲಿಲ್ಲ. ಮತ್ತೆ ಹೇಳಿದಳು.

“ಅಕ್ಕಾರೆ, ಅವಳು ತುಟಿ ಮುಚ್ಚಿ ಶುರು ಮಾಡ್ತಾಳೆ. ನೀವು ಹೋ ಅಂತ ಬಾಯಿ ತೆರೀತೀರಿ. ಅದೂ ಅಲ್ದೆ ದನಿ ನಡುಗ್ತೈತೆ. ಅವಳು ನಡುಗಲ್ಲ, ಗಟ್ಟಿ ಹೆಣ್ಣು.”

“ನೀರು ಕುಡೀತೀನಿ ತಡಿಯಪ್ಪ” ಎಂದಳು ದಾಕ್ಷಾಯಿಣಿ. ಯಾಕೆ ನಡುಗುತ್ತದೆಂದು ಅವನಿಗೆ ಹೇಳಲಿಲ್ಲ. ಕಂಬಳಿಗಳ ನಡುವೆ ಬೆವರು ಇಳಿಯಿತು. ಕೆಳಗೆ ಬೀಡಿ ಮುಗಿಯುತ್ತ ಬಂದಿತ್ತು. ಮತ್ತೆ ಚಿತ್ರ ಓಡಿತು. ಮೇಜು ಒರೆಸುತ್ತಿದ್ದ ಆ ತಾಯಿಯ ಬೆನ್ನನ್ನು ದಾಕ್ಷಾಯಿಣಿ ನೋಡಿದಳು. ಕಾಗದ ನೋಡುವುದು ಮರೆತುಹೋಯಿತು. ಹುಟ್ಟಿದಾಗಿನಿಂದ ಬಾಯಿಗೆ ರೂಢಿಯಾದದ್ದು ತಾನಾಗಿ ಹೊರಬಂತು. “ಬರ್ತೀನವ್ವ.”

“ಕೂತಿತು” ಎಂದು ಮಲ್ಲಿಕ್ ಕುರ್ಚಿಯಿಂದೆದ್ದ. ತುಟಿ ಮುಚ್ಚಿದಲ್ಲಿ ಬ ಬಂದಿತ್ತು. ಕೊನೆಯ ವ್ವ ತುಸು ಜಾರಿದ್ದರೂ ಅಷ್ಟು ಪರವಾಗಿಲ್ಲ. ಮಲ್ಲಿಕ್‌ನ ಕಣ್ಣು ತುಟಿಯ ಮೇಲಿತ್ತು, ಮಾತಿನ ಮೇಲಿರಲಿಲ್ಲ. ದಾಕ್ಷಾಯಿಣಿಗೆ ತಾನು ಏನು ಹೇಳಿದೆನೆಂದು ಗೊತ್ತಾದದ್ದು ಮನೆ ಸೇರಿ ಅಕ್ಕಿ ತೊಳೆಯುವಾಗ. ಮುಂಬೈಯವರು ಹಿಡಿಯುತ್ತಾರೆ, ಬಿಡು ಎಂದುಕೊಂಡಳು. ಮುಂಬೈಯಲ್ಲಿ ನೋಡಿದವರಿಗೆ ಕನ್ನಡ ಬರುತ್ತಿರಲಿಲ್ಲ. ಅವರೂ ತುಟಿ ನೋಡಿ, ಬಹಳ ಚೆನ್ನಾಗಿದೆ ಎಂದು ಕಂಪನಿಗೆ ಒಪ್ಪಿಸಿದರು.

ಸಿನಿಮಾ ಬಂತು. ಚಳ್ಳಕೆರೆಯಲ್ಲಿ ಪರಿಚಯದವರೆಲ್ಲ ನೋಡಿದರು, ನೋಡಿ ಗೊಂದಲಕ್ಕೆ ಬಿದ್ದರು. ಅಮೆರಿಕದ ಪ್ರೇಕ್ಷಕನಿಗೆ ಆ ಹುಡುಗಿ ಬಾಗಿಲು ದಾಟಿದಾಗಲೇ ಕಥೆ ತಿಳಿದಿತ್ತು. ನಮ್ಮವರು ಮಾತ್ರ, ಬರ್ತೀನಿ ಅಂದಿದ್ದಾಳಲ್ಲ, ಇನ್ನೇನು ಬರುತ್ತಾಳೆ ಎಂದು ಕೊನೆಯ ಹೆಸರುಗಳು ಮೇಲೇರಿ ಮುಗಿಯುವವರೆಗೂ ಕಾದರು. ಪಕ್ಕದ ಮನೆಯ ಸುನಿತಾ ಟೀಚರು ಕಾಂಪೌಂಡಿನ ಆಚೆಯಿಂದ, “ಎರಡನೇ ಭಾಗ ಯಾವಾಗ ಬರ್ತೈತೆ ದಾಕ್ಷಾಯಿಣಿ?” ಎಂದು ಕೇಳಿದರು.

ರೂಪಾಳ ಫೋನು ಬಂದದ್ದು ಆ ವಾರವೇ.

“ಅಕ್ಕ, ನಿಮ್ಮ ಸಿನಿಮಾ ಹಾಕಿದ್ವಿ. ಅತ್ತೆ ಒಳಗೆ ಮಜ್ಜಿಗೆ ಕಡೀತಿದ್ರು. ನಿಮ್ಮ ದನಿ ಬಂದ ತಕ್ಷಣ ಕಡಗೋಲು ಬಿಟ್ಟು ಬಂದು ನಿಂತ್ರು.”

“ಏನಂದ್ರು?”

“ಬರ್ತೀನವ್ವ ಅಂತ ಬಂತಲ್ಲ, ಟಿವಿ ಆರಿಸು ಅಂದ್ರು. ಈಗ ದಿನಾ ದೀಪ ಹಚ್ಚಿದ ಮ್ಯಾಲೆ ಹಾಕಿಸ್ಕಂತಾರೆ. ಅಲ್ಲೀತನಕ ನೋಡ್ತಾರೆ, ಆ ಮಾತು ಬಂದ ಕೂಡ್ಲೆ ಆರಿಸ್ತಾರೆ. ಮುಂದೆ ಕಥೆ ಐತೆ ಅತ್ತೆ ಅಂದ್ರೆ, ಅದು ನನಗೆ ಬ್ಯಾಡ ಅಂತಾರೆ.”

“ಅದು ಯಾರೋ ಬರೆದ ಮಾತು ಅಂತ ಹೇಳಬಾರದಾ?”

“ಹೇಳಿದೆ. ಬಾಯಿ ಯಾರದಾದ್ರೆ ನನಗೇನು, ದನಿ ನನ್ನ ಮಗಳದು ಅಂದ್ರು.”

ದಾಕ್ಷಾಯಿಣಿ ಫೋನು ಕೆಳಗಿಟ್ಟಳು. ಮೂರು ವರ್ಷದಲ್ಲಿ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಹೋಗಿಬಿಡಲೇ ಎನ್ನಿಸಿತು. ಆದರೆ ಅವ್ವ ಕರೆದಿಲ್ಲವಲ್ಲ, ಟಿವಿ ಹಾಕಿಸಿಕೊಂಡಿದ್ದಾರೆ ಅಷ್ಟೆ ಎಂದು ಒಳಗಿನ ಹಟ ನೆನಪಿಸಿತು. ಈ ಹಟವೂ ತವರಿನದೇ ಉಡುಗೊರೆ. ಹಾಗೇ ದಿನ ಕಳೆದವು.

ಅಷ್ಟರಲ್ಲಿ ಕಂಪನಿಗೆ ದೂರು ಹೋಯಿತು. ಯಾರೋ ಒಬ್ಬ ಪುಣ್ಯಾತ್ಮ, ಕನ್ನಡ ಬಲ್ಲವನು, ಇಂಗ್ಲಿಷಿನಲ್ಲಿ ಬಿಟ್ಟುಹೋಗುವವಳು ಕನ್ನಡದಲ್ಲಿ ಬರುತ್ತೇನೆ ಎಂದು ಮೋಸ ಮಾಡಿದ್ದಾಳೆ ಎಂದು ಬರೆದಿದ್ದ. ಅಮೆರಿಕದಿಂದ ಮುಂಬೈಗೆ, ಮುಂಬೈಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮಲ್ಲಿಕ್‌ಗೆ ಬೈಗುಳ ಇಳಿಯಿತು. ಪ್ರತಿ ಊರಿನಲ್ಲೂ ಒಂದಿಷ್ಟು ಸೇರಿಸಿಕೊಂಡು ಬಂದದ್ದರಿಂದ ಗ್ಯಾರೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅದು ಸಾಕಷ್ಟು ದಪ್ಪಗಾಗಿತ್ತು. ಒಂದು ಮಾತು ತಿದ್ದಿ ಕಳಿಸಬೇಕು, ಅಷ್ಟೆ.

ಮಲ್ಲಿಕ್ ತಲೆ ಕೆರೆದುಕೊಳ್ಳುತ್ತ ದಾಕ್ಷಾಯಿಣಿಯನ್ನು ಕರೆಸಿದ. ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ಖಾಜಾ ಹುಸೇನರ ಮಗಳು ಫರ್ಹತ್ ಕೂಡ ಮೇಲೆ ಬಂದಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ಕೊರಿಯಾದ ಧಾರಾವಾಹಿಗಳೆಂದರೆ ಊಟ ನಿದ್ದೆ ಬಿಡುವವಳು. ವಿಷಯ ಕೇಳಿ, “ನಾನು ಕೊರಿಯಾದ್ದೂ ನೋಡೀನಿ ಅಣ್ಣ” ಎಂದಳು. “ಅದರಲ್ಲಿ ಆ ಹುಡುಗಿ ಹೋಗಿ ಬರ್ತೀನಿ ಅಂತಾನೇ ಅನ್ನೋದು. ಮನೆಯಿಂದ ಹೊರಡೋವಾಗ ಅವರೂ ನಮ್ಮ ಥರಾನೇ. ಹೋಗ್ತೀನಿ ಅನ್ನಲ್ಲ.”

ಮಲ್ಲಿಕ್‌ಗೆ ಜೀವ ಬಂತು. ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಳೆದುಹೋದ ಮಾತು ಚಳ್ಳಕೆರೆಯಲ್ಲಿ ಸಿಕ್ಕಿತ್ತು. ಅವನು ಅದನ್ನೆಲ್ಲ ವಿವರಿಸಿ ಬೆಂಗಳೂರಿಗೆ ಬರೆದ. ಮಾರನೇ ದಿನ ಉತ್ತರ ಬಂತು. ನಾವು ಕೊಂಡಿರುವುದು ಇಂಗ್ಲಿಷು, ಕೊರಿಯಾದವರ ಮಾತಿಗೆ ಕೊರಿಯಾದವರು ಹೊಣೆ, ತಿದ್ದಿ ಕಳಿಸಿ. ನಿಮ್ಮ ಕಲಾವಿದೆಗೆ ಆಗದಿದ್ದರೆ ಬೇರೆಯವರಿಂದ ಹೇಳಿಸುತ್ತೇವೆ.

ಈ ಸಲ ಮಲ್ಲಿಕ್ ತುಟಿಗೂ ಅರ್ಥಕ್ಕೂ ಸರಿಹೋಗುವ ಹಾಗೆ ಬರೆದುಕೊಟ್ಟ. ಮೊದಲಕ್ಷರ ಬ ಇರಬೇಕಲ್ಲ. ‘ಬಿಟ್ಟು ಹೋಗ್ತೀನಮ್ಮ.’ ಬರೆದು ತನಗೆ ತಾನೇ ಮೆಚ್ಚಿಕೊಂಡು ತಲೆದೂಗಿದ.

ದಾಕ್ಷಾಯಿಣಿ ಆ ಕಾಗದ ಹಿಡಿದು ನಿಂತಳು. ಬರಿಯ ಹೋಗ್ತೀನಿ ಆದರೂ ಒಂದು ತೂಕ, ಇದು ಬಿಟ್ಟು ಹೋಗುವ ಮಾತು. ಹೇಳಿದರೆ ಒಂದು ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಅದನ್ನು ಕೇಳುತ್ತಾರೆ. ಹೇಳದಿದ್ದರೆ ಆ ಹುಡುಗಿಯ ಬಾಯಿಂದ ಅಲ್ಲೊಂದು ಕಡೆ ಯಾರದೋ ದನಿ ಬರುತ್ತದೆ. ಅವ್ವ ದಿನವೂ ಎದುರು ಕೂತು ಕಾಯುವ ಜಾಗದಲ್ಲಿ ಮಗಳ ದನಿ ಇರುವುದೇ ಇಲ್ಲ. ಎರಡರಲ್ಲಿ ಯಾವುದು ಕೆಟ್ಟದ್ದೆಂದು ಯೋಚಿಸಿ, ಕೊನೆಗೆ ಮೈಕಿನ ಹತ್ತಿರ ಹೋದಳು. ಒಂದೇ ಸಲಕ್ಕೆ ಹೇಳಿದಳು. ನಡುಗಲಿಲ್ಲ.

“ಕೂತಿತು” ಎಂದ ಮಲ್ಲಿಕ್.

“ಯಾವಾಗ ಹಾಕ್ತಾರಪ್ಪ?”

“ಈಗ್ಲೇ ಕಳಿಸ್ತೀನಿ. ಅವರಿಗೆ ಅವಸರ ಐತೆ, ನಾಳೇನೇ ಹಾಕಿದ್ರೂ ಹಾಕಿದ್ರೇ. ಹೇಳಾಕಾಗಲ್ಲ ಅಕ್ಕಾರೆ.”

ಮಾರನೇ ದಿನ ಮಧ್ಯಾಹ್ನ ದಾಕ್ಷಾಯಿಣಿ ಗಂಡನ ಅಂಗಡಿಯ ಮುಂದೆ ನಿಂತು, “ಬಿ.ಜಿ. ಕೆರೆಗೆ ಹೋಗಿ ಬರ್ತೀನಿ” ಎಂದಳು. ಬೆಲ್ಟು ಅಳೆಯುತ್ತಿದ್ದ ಚಂದ್ರಶೇಖರ್‌ಗೆ ಮೊದಲನೇ ಸಲಕ್ಕೇ ಕೇಳಿಸಿತು. ಬೆಲ್ಟು ಕೆಳಗಿಟ್ಟು ಅವಳ ಮುಖ ನೋಡಿ, “ಬಳ್ಳಾರಿ ಬಸ್ಸು ಈಗ ಐತೆ, ಹತ್ತಿಸಿ ಬರ್ತೀನಿ ನಡಿ” ಎಂದ. ಬಸ್ಸು ನಡುವಿನ ತಳಕು ಎಂಬ ಊರು ದಾಟುವಾಗ ಇಳಿದು ವಾಪಸು ಹೋಗಿಬಿಡಲೇ ಎಂದು ಅವಳಿಗೆ ಅನ್ನಿಸಿತು. ತಾನು ಎದುರಿಗಿಲ್ಲದಾಗ ಅವ್ವ ಆ ಮಾತು ಕೇಳಿಬಿಟ್ಟರೆ ಎಂಬ ಹೆದರಿಕೆ ಒಂದೇ ಅವಳನ್ನು ಸೀಟಿನಲ್ಲಿ ಕೂರಿಸಿತ್ತು.

ತಿಪ್ಪೇರುದ್ರಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಶೇಂಗಾ ಬೀಜ ಆರಿಸುತ್ತಿದ್ದರು. ಹೊಸಿಲು ದಾಟಿ ಬಂದ ಮಗಳನ್ನು ಕಂಡರು. ಕೈ ನಿಂತಿತು, ಮತ್ತೆ ಆಡಿತು.

“ರೂಪಾ” ಎಂದು ಕರೆದರು. “ಬರ್ತೀನಿ ಅಂದು ಎಷ್ಟು ದಿನ ಆತು, ಇವತ್ತಿನ ತನಕ ಬಸ್ಸು ಸಿಗಲಿಲ್ವಂತಾ ಕೇಳು.”

ರೂಪ ಕೇಳಲಿಲ್ಲ, ಇಬ್ಬರ ಮುಖವನ್ನೂ ನೋಡಿ ಕಾಫಿ ಮಾಡಲು ಒಳಗೆ ಹೋದಳು. ದಾಕ್ಷಾಯಿಣಿ ಬ್ಯಾಗು ಮೂಲೆಗಿಟ್ಟು ಅವ್ವನ ಎದುರು ಕೂತು ತಾನೂ ಬೀಜ ಆರಿಸತೊಡಗಿದಳು. ಕಾಫಿ ಬಂತು, ಕುಡಿದರು. ಜಂಪಣ್ಣ ಹೊಲದಿಂದ ಬಂದು, ಅಕ್ಕನನ್ನು ಕಂಡು, ಏನು ಮಾತಾಡಿದರೆ ಏನಾಗುತ್ತದೋ ಎಂದು ಸೀದಾ ಬಚ್ಚಲಿಗೆ ನಡೆದ. ಮೊರದ ಮೇಲೆ ಎರಡು ಜತೆ ಕೈಗಳು ಆಡುತ್ತಿದ್ದವು. ಹೊತ್ತು ಮುಳುಗಿತು. ತಿಪ್ಪೇರುದ್ರಮ್ಮ ಎದ್ದು ಕೈಕಾಲು ತೊಳೆದು, ವಿಭೂತಿ ಇಟ್ಟು, ದೀಪ ಹಚ್ಚಿ ಬಂದು ತಮ್ಮ ಜಾಗದಲ್ಲಿ ಕೂತರು.

“ರೂಪಾ, ಹಾಕವ್ವ.”

ಇವತ್ತು ಬೇಡ ಎಂದು ದಾಕ್ಷಾಯಿಣಿ ಹೇಳುವಷ್ಟರಲ್ಲಿ ರೂಪ ಹಾಕಿಯಾಗಿತ್ತು. ಬಂದರು ಬಂತು, ಹೋಟೆಲು ಬಂತು, ಬ್ರೆಡ್ಡು ಮುದ್ದೆಯಾಗಿ ಬಂತು. ತಾಯಿ ಬೆನ್ನು ತಿರುಗಿಸಿ ಮೇಜು ಒರೆಸಿದಳು. ಹಳದಿ ಕೂದಲಿನ ಹುಡುಗಿ ಬಾಗಿಲಲ್ಲಿ ನಿಂತು, ದಾಕ್ಷಾಯಿಣಿಯ ದನಿಯಲ್ಲಿ, ಗಟ್ಟಿಯಾಗಿ, “ಬಿಟ್ಟು ಹೋಗ್ತೀನಮ್ಮ” ಎಂದಳು.

ರೂಪಾಳ ಕೈ ರಿಮೋಟಿನ ಮೇಲೇ ನಿಂತಿತು.

“ಅವ್ವ” ಎಂದಳು ದಾಕ್ಷಾಯಿಣಿ. “ಅವರು ತಿದ್ದಿಸಿದ್ರು. ನಾನೇ ಹೇಳಿದ್ದು. ಅವತ್ತು ಈ ಹೊಸಿಲ ಮ್ಯಾಲೆ ಹೇಳಿದ್ದೂ ನಾನೇ. ಹಂಗೆ ಅನ್ನಬಾರದಿತ್ತು.”

ತಿಪ್ಪೇರುದ್ರಮ್ಮ ರೂಪಾಳ ಕಡೆ ತಿರುಗಿದರು. ಹೇಳಿ ಕಳಿಸುವ ಮಾತು ಏನಿರಬಹುದೆಂದು ಅವಳು ಕಾದಳು. ಆದರೆ ಅವರು ಮೆಲ್ಲಗೆ ಮಗಳ ಕಡೆ ತಿರುಗಿ ನೇರ ಅವಳನ್ನೇ ನೋಡಿದರು.

“ಹೋಗ್ಲಿ ಬಿಡು” ಎಂದರು.

ದಾಕ್ಷಾಯಿಣಿ ಅವ್ವನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು, ಊರಿಗೆಲ್ಲ ಕೇಳಿಸುವ ದನಿಯಲ್ಲೇ ಅತ್ತಳು. ರೂಪ ಟಿವಿ ಆರಿಸಲು ಹೋದಳು. ತಿಪ್ಪೇರುದ್ರಮ್ಮ ಮಗಳ ಬೆನ್ನು ಸವರುತ್ತ, “ಇರ್ಲಿ, ಓಡ್ಲಿ. ಆ ಹುಡುಗಿ ಎಲ್ಲಿಗೆ ಹೋಗ್ತಾಳೋ ಇವತ್ತು ನೋಡಾನ” ಎಂದರು.